ದೀಪ ದೊಡ್ಡದಾಯ್ತು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸದಾ ಕಪ್ಪಗಿರುತ್ತಿತ್ತು. ಉರಿಯುವ ಬತ್ತಿಯನ್ನು ಕಡ್ಡಿಯಿಂದ ಮುಂದೂಡುವ ಅಭ್ಯಾಸ ಅವರಿಗಿರಲಿಲ್ಲ. ಎರಡು ಬೆರಳಲ್ಲಿ ಹಿಡಿದು ಎಳೆದು, ಕರಿಕಟ್ಟಿದ ತುದಿಯನ್ನು ಚಿವುಟಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದರು. "ಸುಡಲ್ವಾ ಅಮ್ಮಾ?" ಎಂದು ಕೇಳಿದರೆ, "ದಿನಾ ಮಾತಾಡ್ಸೋರ್ನ ಅದ್ಯಾಕ್ ಸುಟ್ಟಾತು?" ಎನ್ನುತ್ತಿದ್ದರು. ಆ ಮಾತು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅವರು ಕೋಗಿಲು ಬಡಾವಣೆಯ ನಮ್ಮ ಬಾಡಿಗೆ ಮನೆಯ ಓನರಮ್ಮ. ಕೆಳಗೆ ಅವರು, ಯಜಮಾನರು, ಮಗ, ಸೊಸೆ. ಮೇಲೆ ನಾನು, ನನ್ನ ಗಂಡ. ಈಗ ನಮ್ಮ ಬೈಕು ನಿಲ್ಲಿಸುವ ಜಾಗದಲ್ಲಿ ಅವರು ಹಿಂದೆ ರಾಗಿ ಹೊಲದ ಕಳೆ ಕಿತ್ತವರು. ಹೊಲ ಸೈಟುಗಳಾದವು, ಮಗ ಬಿಲ್ಡರ್ ಆದ. ಅವರ ಮಾತು ಮಾತ್ರ ಹೊಲದಲ್ಲೇ ಉಳಿದಿತ್ತು.

ಆ ಮಾತಿಗೊಂದು ಕಾನೂನಿತ್ತು. ಅಶುಭವಾದ ಯಾವುದನ್ನೂ ಅದರ ಹೆಸರು ಹಿಡಿದು ಕರೆಯುವಂತಿಲ್ಲ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಅಕ್ಕಿ ಮುಗಿಯುವುದಿಲ್ಲ, ತುಂಬುತ್ತದೆ. ಮನೆಯಿಂದ ಯಾರೂ ಹೋಗುವುದಿಲ್ಲ, 'ಬರ್ತೀನಿ' ಎನ್ನುತ್ತಾರೆ. ದೀಪವಂತೂ ಆರುವುದೇ ಇಲ್ಲ, ಅದು ದೊಡ್ಡದಾಗುತ್ತದೆ.

ಬಾಡಿಗೆಗೆ ಬಂದ ಹೊಸತರಲ್ಲಿ ಗಾಳಿಗೆ ತುಳಸಿಕಟ್ಟೆಯ ದೀಪ ನಂದಿದ್ದು ನೋಡಿ, "ಅಮ್ಮಾ, ದೀಪ ಆರೋಯ್ತು" ಎಂದೆ. ಅವರು ಎರಡೂ ಕಿವಿ ಮುಚ್ಚಿಕೊಂಡರು.

"ಅಂಗನ್ಬಾರ್ದು ಕಣವ್ವ! ದೀಪ ದೊಡ್ಡದಾಯ್ತು ಅನ್ನು. ಓದಿರೋಳಲ್ವಾ ನೀನು?"

"ಸರಿ ಅಮ್ಮಾ. ಗ್ಯಾಸ್ ಮುಗಿದ್ರೆ ಏನನ್ಬೇಕು?"

"ಅದು ಕಂಪ್ನೀದು. ಮುಗೀಲಿ ಬಿಡು."

ನಗು ಬಂತು. ಕ್ರಮೇಣ ನನಗೂ ಅದೇ ಮಾತು ರೂಢಿಯಾಯಿತು. ಆಫೀಸಿನಲ್ಲಿ ಒಮ್ಮೆ "ಸ್ಟೇಪ್ಲರ್ ಪಿನ್ ತುಂಬಿದೆ" ಎಂದುಬಿಟ್ಟೆ, ಇಲ್ಲದ ಪಿನ್ನಿಗಾಗಿ ಇಡೀ ಸೆಕ್ಷನ್ನು ಹುಡುಕಾಡಿತ್ತು.

ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಅವರ ಕಾನೂನು ಇನ್ನಷ್ಟು ಬಿಗಿ. ಶುಕ್ರವಾರ ಕಲಶ ಕೂರಿಸಿದ ಮೇಲೆ, ಶನಿವಾರ ಬೆಳಗಿನ ಪೂಜೆ ಮುಗಿಸಿ ಅದನ್ನು ಉತ್ತರಕ್ಕೆ ಒಂದಿಷ್ಟು ಕದಲಿಸುವ ತನಕ ದೀಪ ಆರಬಾರದು, ಕಲಶ ಅಲುಗಬಾರದು. ಬಿಂದಿಗೆಗೆ ನೆರಿಗೆ ಹಿಡಿದು ಸೀರೆ ಉಡಿಸಿ, ತೆಂಗಿನಕಾಯಿಗೆ ಬೆಳ್ಳಿ ಮುಖ ಕಟ್ಟಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡುತ್ತಿದ್ದರು. "ಅಮ್ಮ ಯಾಕೋ ಮುನಿಸ್ಕೊಂಡವ್ಳೆ, ಕತ್ತು ಓರೆ ಆಗದೆ" ಎಂದು ಮತ್ತೆ ಎಲ್ಲ ಬಿಚ್ಚಿ ಕಟ್ಟುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಬ್ಬಟ್ಟಿನ ವಾಸನೆ ಮೇಲಿನ ಮನೆಗೂ ಹತ್ತಿ ಬರುತ್ತಿತ್ತು.

ಎರಡು ವರ್ಷದ ಹಿಂದಿನ ಹಬ್ಬಕ್ಕೆ ಮಗ ಫೋನಿನಲ್ಲಿ ಯಾವುದೋ ಅಲಂಕಾರ ನೋಡಿ, ಕಲಶದ ಹಿಂದೆ ಕಟ್ಟಲು ಮಿಂಚುವ ನೆಟ್ ಬಟ್ಟೆ ತಂದ. ದೇವರ ಮನೆ ಮೊದಲೇ ಚಿಕ್ಕದು. "ದೀಪಕ್ಕೆ ತುಂಬಾ ಹತ್ರ ಆಯ್ತು ಅಮ್ಮಾ" ಎಂದೆ. "ನಾನಿಲ್ವಾ ನೋಡ್ಕಳಕೆ?" ಎಂದರು. ನಾನು ಎರಡನೆಯ ಸಲ ಹೇಳಿದೆ. ಅವರು ಆ ಕಪ್ಪು ಬೆರಳುಗಳನ್ನು ನನ್ನ ಮುಖದ ಮುಂದೆ ಆಡಿಸಿದರು.

ಸಂಜೆ ಅರಿಶಿನ ಕುಂಕುಮಕ್ಕೆ ಬರುವವರಿಗೆಂದು ನಾನು ಅವರ ಅಡುಗೆಮನೆಯಲ್ಲಿ ಕೂತು ಎಲೆ ಅಡಿಕೆ, ಬಳೆ, ರವಿಕೆ ಕಣ ಜೋಡಿಸುತ್ತಿದ್ದೆ. ಸೊಸೆ ಬಾಗಿಲಲ್ಲಿ ರಂಗೋಲಿಗೆ ಬಣ್ಣ ತುಂಬುತ್ತಿದ್ದಳು. ಆಗ ದೇವರ ಮನೆಯಿಂದ ಅವರ ದನಿ ಕೇಳಿತು.

"ದೀಪ ದೊಡ್ಡದಾಯ್ತು ಬಾರವ್ವೋ!"

"ಬಂದೆ ಅಮ್ಮಾ" ಎಂದೆ. ಕೈ ತೊಳೆದುಕೊಂಡೆ. ಆರಿದ ದೀಪ ಹೊತ್ತಿಸಲು ಬೇಕಾದ್ದನ್ನೆಲ್ಲ ಹುಡುಕಿ ತೆಗೆದುಕೊಂಡೆ: ಬೆಂಕಿಪೊಟ್ಟಣ, ಹೊಸ ಬತ್ತಿ, ದೀಪದೆಣ್ಣೆಯ ಬಾಟಲಿ. ಅವರು ಮತ್ತೆ, "ದೊಡ್ಡದಾಯ್ತು ಕಣೇ, ದೊಡ್ಡದಾಯ್ತು!" ಎಂದು ಕೂಗಿದರು. ಹಬ್ಬದ ದಿನ ದೀಪ ಆರಿದ ಸಂಕಟ ಎಂದುಕೊಂಡೆ. ಪಡಸಾಲೆಗೆ ಬಂದಾಗ ಎದುರು ಗೋಡೆಯ ಮೇಲೆ ಬೆಳಕು ಕುಣಿಯುತ್ತಿತ್ತು.

ನೆಟ್ ಬಟ್ಟೆ ಕೆಳಗಿಂದ ಮೇಲಕ್ಕೆ ಉರಿಯುತ್ತಾ, ಹನಿಹನಿಯಾಗಿ ಕರಗಿ ಬೀಳುತ್ತಿತ್ತು. ಅವರು ಎಡಗೈಯಿಂದ ಕಲಶವನ್ನು ತಬ್ಬಿಕೊಂಡು, ಬಲಗೈಯಿಂದ ಆ ಉರಿಯುವ ಬಟ್ಟೆಯನ್ನು ಎಳೆಯುತ್ತಿದ್ದರು.

"ಆಚೆ ಬನ್ನಿ ಅಮ್ಮಾ!"

"ಇನ್ನೂ ಕದಲಿಸಿಲ್ವಲ್ಲವ್ವ! ಹೆಂಗ್ ಬಿಟ್ಬರ್ಲಿ?"

ಕೈಯಲ್ಲಿದ್ದ ಎಣ್ಣೆಯ ಬಾಟಲಿಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಬೆಂಕಿಗಿಂತ ಮೊದಲು ಕಾಣುವುದು ಆ ಬಾಟಲಿ. ಇನ್ನೆರಡು ಹೆಜ್ಜೆ ಮುಂದೆ ಹೋಗಿದ್ದರೆ? ಕೈ ಜಾರಿದ್ದರೆ? ಅದು ಚಪ್ಪಲಿ ಸ್ಟ್ಯಾಂಡಿನ ಮೇಲೆ ಸಿಕ್ಕಿತೆಂದು ಆಮೇಲೆ ಸೊಸೆ ಹೇಳಿದಳು.

ರಟ್ಟೆ ಹಿಡಿದು ಎಳೆದೆ. ಆ ಮುದಿ ಜೀವ ಕಲ್ಲಿನಂತೆ ನಿಂತಿತ್ತು. ಕೋಪ ಬಂತು, ಭಯಕ್ಕಿಂತ ಜಾಸ್ತಿ ಕೋಪ. ಕೈ ಚಾಚಿ ಕಲಶವನ್ನು ನಾನೇ ಪಕ್ಕಕ್ಕೆ ನೂಕಿದೆ. "ತಗೊಳ್ಳಿ, ಕದಲಿಸಿದೆ! ಈಗಾದ್ರೂ ಬನ್ನಿ!"

ಅವರು ನನ್ನತ್ತ ತಿರುಗಿದರು. ತೋಳಿನವರೆಗೆ ಸುಟ್ಟ ಆ ಕೈಯನ್ನು ಎತ್ತಿ ಹಿಡಿದುಕೊಂಡೇ ಕೇಳಿದರು: "ಉತ್ರಕ್ಕೆ ಕದಲಿಸ್ದ್ಯಾ?"

"ಹೂಂ, ಉತ್ತರಕ್ಕೇ!" ಎಂದು ಕಿರುಚಿದೆ. ಉತ್ತರ ಯಾವ ಕಡೆಗಿದೆಯೋ ನನಗೇನು ಗೊತ್ತಿತ್ತು?

ಆಗ ಬಂದರು. ಸೊಸೆ ಬಕೆಟ್ಟಿನಲ್ಲಿ ನೆನೆಸಿದ ಕಂಬಳಿ ತಂದು ಉರಿಯ ಮೇಲೆ ಎಸೆದಳು.

ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ, "ದೀಪ ದೊಡ್ಡದಾಯ್ತು ಸಾಮಿ" ಎಂದರು.

"ದೀಪ ಆರಿದ್ರೆ ಕೈ ಹೇಗಮ್ಮಾ ಸುಡುತ್ತೆ?" ಡಾಕ್ಟರೂ ಈ ಕಡೆಯವರೇ ಇರಬೇಕು. ಸಿಸ್ಟರ್ ಬಳೆ ಒಡೆಯಬೇಕು ಅಂದಾಗ ಆ ನೋವಿನಲ್ಲೂ ತಿದ್ದಿದರು: "ಹೆಚ್ಚಿಸ್ಬೇಕು ಅನ್ನವ್ವ."

ಬ್ಯಾಂಡೇಜು ಕಟ್ಟಿಕೊಂಡು ಮನೆಗೆ ಬಂದ ಮೇಲೆ ನಾನು ಜಗಳವಾಡಿದೆ. "ಬೆಂಕಿ ಅಂತ ಒಂದು ಮಾತು ಕೂಗಿದ್ರೆ ಏನಾಗ್ತಿತ್ತಮ್ಮಾ? ಎಣ್ಣೆ ಹಿಡ್ಕೊಂಡು ಬಂದಿದ್ನಲ್ಲ ನಾನು!"

"ಅಬ್ಬದ ದಿವ್ಸ, ಅಮ್ಮನ ಎದ್ರುಗೆ, ಆ ಮಾತು ಬಾಯಿಗೆ ಬರ್ನಿಲ್ಲ ಕಣವ್ವ." ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲೆ ಸರಿಸಿಕೊಂಡು, "ಅಲ್ಲ, ದೀಪ ದೊಡ್ಡದಾಗಿದ್ದು ಸುಳ್ಳಾ?" ಎಂದರು.

ಅವರ ಇಡೀ ಬದುಕಿನಲ್ಲಿ ಆ ಮಾತು ನಿಜವಾಗಿದ್ದು ಅದೊಂದೇ ಸಲವಿರಬೇಕು.

ಕೈ ವಾಸಿಯಾಯಿತು. ಆದರೆ ಬೆರಳುಗಳು ಪೂರ್ತಿ ಮಡಿಚುತ್ತಿರಲಿಲ್ಲ, ಬತ್ತಿ ಹಿಡಿಯಲು ಬರುತ್ತಿರಲಿಲ್ಲ. ದೀಪದ ಮುಂದೆ ಕೂತು ಸೊಸೆಗೆ "ಎಳಿ, ಇನ್ನೊಸಿ ಎಳಿ" ಎನ್ನುತ್ತಿದ್ದರು. ಕಪ್ಪಗಿರುತ್ತಿದ್ದ ಬೆರಳ ತುದಿಯಲ್ಲಿ ಈಗ ಹೊಸ ಗುಲಾಬಿ ಚರ್ಮ. ಸಂಕ್ರಾಂತಿಯ ಹಿಂದುಮುಂದು ಎದೆನೋವು ಬಂತು. ಬೆಳಿಗ್ಗೆ ಸೊಸೆ ಮೆಟ್ಟಿಲ ಮೇಲೆ ನಿಂತು, "ಅತ್ತೆ ಹೋಗ್ಬಿಟ್ರು ಅಕ್ಕಾ" ಎಂದಳು. 'ಹೋಗ್ತೀನಿ' ಎಂದವರನ್ನು ಬಾಗಿಲಿಂದ ವಾಪಸು ಕರೆದು ತಿದ್ದುತ್ತಿದ್ದವರು. ಅವರ ಮನೆಯಲ್ಲಿ ಯಾರೂ ತಿದ್ದದೆ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮರುವರ್ಷ ಆ ಮನೆಯಲ್ಲಿ ಹಬ್ಬವಿರಲಿಲ್ಲ. ಈ ವರ್ಷ ಸೊಸೆ ಕಲಶ ಕೂರಿಸಿದಳು. ಹಿಂದೆ ನೆಟ್ ಇಲ್ಲ, ಎರಡು ಬಾಳೆಕಂದು ಅಷ್ಟೆ. ನಾನು ಎಂದಿನಂತೆ ಅಡುಗೆಮನೆಯಲ್ಲಿ ಎಲೆ ಅಡಿಕೆ ಜೋಡಿಸುತ್ತಿದ್ದೆ, ಪಕ್ಕದಲ್ಲೊಂದು ನೀರು ತುಂಬಿದ ಬಕೆಟ್ ಇಟ್ಟುಕೊಂಡು.

"ಅಕ್ಕಾ, ದೀಪ ದೊಡ್ಡದಾಯ್ತು!"

ಬಕೆಟ್ ಎತ್ತಿಕೊಂಡು ಓಡಿದೆ. ಪಡಸಾಲೆ ಉದ್ದಕ್ಕೂ ನೀರು ಚೆಲ್ಲಿತು. ದೇವರ ಮನೆಯಲ್ಲಿ ತೆಳ್ಳನೆಯ ಹೊಗೆ, ನಂದಿದ ಬತ್ತಿ, ಅದನ್ನು ಎರಡು ಬೆರಳಲ್ಲಿ ಹಿಡಿದು ನಿಂತ ಸೊಸೆ.

"ಆರೋಯ್ತು ಅನ್ನೋಕಾಗಲ್ವೇನೇ ನಿನಗೆ! ಆರೋಯ್ತು ಅಂತ ಹೇಳು!" ದೇವರ ಎದುರೇ ಕೂಗಾಡಿದೆ.

ಅವಳು ನನ್ನ ಒದ್ದೆ ಸೀರೆ, ಬಕೆಟ್ ನೋಡಿದಳು. ಬೈಯಲಿಲ್ಲ, ನಗಲಿಲ್ಲ. "ಹಾಗನ್ಬಾರ್ದು ಅಕ್ಕಾ" ಎಂದಳು ಮೆಲ್ಲಗೆ. ಆಮೇಲೆ ಮಸಿ ಹತ್ತಿದ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಕೈ ಚಾಚಿದಳು. "ಎಣ್ಣೆ ಕೊಡಿ."

ಬಕೆಟ್ ಕೆಳಗಿಟ್ಟು ಎಣ್ಣೆ ತರಲು ಹೋದೆ.