ಮಿಲಿಟರಿ ಗಾಡಿಯ ಸದ್ದು ಇಳಿಸಿದ್ದು

ಮಗಳ ಕುಬಸಕ್ಕೆ ನಾವು ಮುಧೋಳಕ್ಕೆ ಹೋದದ್ದು ಮಿಲಿಟರಿ ಗಾಡಿಯಲ್ಲಿ. ಏಳು ತಿಂಗಳ ಬಸುರಿಗೆ ಹಸಿರು ಸೀರೆ, ಬಳೆ, ಐದು ನಮೂನೆ ಉಂಡಿ ಒಯ್ಯುವ ಶುಭಕಾರ್ಯಕ್ಕೆ ಬೇರೆಯವರು ಬಾಡಿಗೆ ಜೀಪು ಮಾಡುತ್ತಾರೆ. ಮನೆಯ ಮುಂದೆ ಸ್ವಂತದ ಟ್ರಕ್ಕು ನಿಂತಿರುವಾಗ ಜೀಪು ಯಾಕೆ ಎಂದು ನಾನು ಹಟ ಹಿಡಿದೆ. ಒಂದು ಕಾಲಕ್ಕೆ ಸೈನಿಕರು ಎದುರುಬದುರು ಕೂರುತ್ತಿದ್ದ ಹಲಗೆಗಳ ಮೇಲೆ ಬನಹಟ್ಟಿಯ ನಮ್ಮ ಓಣಿಯ ಹೆಣ್ಣುಮಕ್ಕಳು ಇಳಕಲ್ ಸೀರೆಯುಟ್ಟು, ಉಂಡಿಯ ಬುಟ್ಟಿಗಳನ್ನು ತೊಡೆಯ ಮೇಲೆ ಅವಚಿಕೊಂಡು ಕೂತರು. ದಾರಿಯುದ್ದಕ್ಕೂ ಅವರು ನನಗೆ ನಿಧಾನ ಹೋಗು ಎಂದು ಕೂಗುತ್ತಿದ್ದರಂತೆ. ನಾನು ಹಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಬೀಗರು ನಿವೃತ್ತ ಶಾಲಾ ಮಾಸ್ತರರು. ಅವರ ಮನೆಯಲ್ಲಿ ಗೋಡೆ ಗಡಿಯಾರದ ಟಿಕ್‌ಟಿಕ್ ಕೂಡ ಕೇಳುತ್ತದೆಂದು ಮಗಳು ಹೇಳುತ್ತಿದ್ದಳು. ಆ ಓಣಿಗೆ ನನ್ನ ಗಾಡಿ ತಿರುಗಿದಾಗ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಬೀಗತಿಯ ಕೈ ಅದುರಿ, ಕುಂಕುಮದ ನೀರೆಲ್ಲ ಅವರ ಹೊಸ ಸೀರೆಯ ಮೇಲೆ ಚೆಲ್ಲಿತು. ಅಕ್ಕಪಕ್ಕದ ಮನೆಯವರೆಲ್ಲ ಮಾಳಿಗೆ ಹತ್ತಿ ನೋಡಿದರು. ನಾನು ಕೈ ಬೀಸಿದೆ.

ಊಟವಾದ ಮೇಲೆ ಮಗಳು ನನ್ನನ್ನು ಒಳಗಿನ ಕೋಣೆಗೆ ಕರೆದು ಎದುರಿಗೆ ಕೂರಿಸಿಕೊಂಡಳು. "ಅಪ್ಪಾ, ಆ ಗಾಡಿ ಸಪ್ಪಳಾ ಕಡಿಮಿ ಆಗೂತನಾ ನಾ ಬಾಣಂತನಕ್ಕ ಬರಂಗಿಲ್ಲ. ಇಲ್ಲೇ ಅತ್ತಿ ಮನ್ಯಾಗ ಇರ್ತೇನಿ" ಎಂದಳು.

ಇದು ಸಣ್ಣ ಮಾತಲ್ಲ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ನನ್ನ ಹೆಂಡತಿ ಆಗಲೇ ಮೂರು ಕುಲಾವಿ ಹೊಲಿದಿಟ್ಟಿದ್ದಳು, ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ತೊಳೆಸಿದ್ದಳು. ಇರುವವಳು ಒಬ್ಬಳೇ ಮಗಳು. ಅವಳು ಬರದಿದ್ದರೆ ಆ ತೊಟ್ಟಿಲನ್ನು ನಾನು ಯಾವ ಮುಖ ಹೊತ್ತು ಮತ್ತೆ ಅಟ್ಟಕ್ಕೆ ಏರಿಸಲಿ? ಆಗಲಿ ತಾಯಿ, ಗಾಡಿಯನ್ನು ಸುಮ್ಮನಾಗಿಸಿಯೇ ನಿನ್ನನ್ನು ಕರೆಯಲು ಬರುತ್ತೇನೆ ಎಂದು ಮಾತು ಕೊಟ್ಟೆ.

ಗಾಡಿಯ ವಿಷಯ ಒಂದಿಷ್ಟು ಹೇಳಬೇಕು. ಹತ್ತೊಂಬತ್ತನೇ ವಯಸ್ಸಿಗೆ ಸೈನ್ಯದ ಭರ್ತಿಗೆ ಹೋಗಿ, ಎದೆಯಳತೆಯಲ್ಲಿ ಕಡಿಮೆ ಬಿದ್ದು ವಾಪಸು ಬಂದವನು ನಾನು. ಆಮೇಲೆ ಮೂವತ್ತೈದು ವರ್ಷ ಮನೆಗೆ ಹತ್ತಿದ ಶೆಡ್ಡಿನಲ್ಲಿ ಪಾವರ್‌ಲೂಮ್ ಓಡಿಸಿದೆ. ಎದೆ ಹಿಗ್ಗಲಿಲ್ಲ, ಹೊಟ್ಟೆ ಹಿಗ್ಗಿತು. ಸೈನ್ಯ ಬೇಡವೆಂದು ಹರಾಜಿಗೆ ಬಿಟ್ಟ ಟ್ರಕ್ಕೊಂದು ಬೆಳಗಾವಿ ಕಡೆಯ ಗುಜರಿಯವನ ಹತ್ತಿರ ಇದೆ ಎಂದು ಗೊತ್ತಾದಾಗ ನನಗೆ ಅದರ ಮೇಲೆ ಏನೋ ನೆಂಟಸ್ತಿಕೆ ಹುಟ್ಟಿತು. ಏತಕ್ಕೆ ಬೇಕು ಎಂದು ಹೆಂಡತಿ ಕೇಳಿದಳು. ಹಿಪ್ಪರಗಿಯ ಹತ್ತಿರದ ಹೊಲಕ್ಕೆ ಗೊಬ್ಬರ ಹೊಡೆಯಲು ಎಂದೆ. ಆ ಹೊಲದ ದಾರಿಯಲ್ಲಿ ಈ ಟ್ರಕ್ಕು ಹಿಡಿಸುವುದಿಲ್ಲ ಎಂಬುದು ಕೊಂಡ ಮೇಲೆ ತಿಳಿಯಿತು. ಆದರೂ ವಾರಕ್ಕೊಮ್ಮೆ ಅದನ್ನು ಚಾಲೂ ಮಾಡಿ, ಸ್ಟಿಯರಿಂಗ್ ಹಿಡಿದು ಕೂತು, ಎದುರಿನ ಹಾಲಿನ ಡೇರಿಯ ಗೋಡೆಯನ್ನು ಗಡಿ ಕಾಯುವವನ ಗತ್ತಿನಲ್ಲಿ ನೋಡುತ್ತಿದ್ದೆ.

ಓಣಿಯಲ್ಲಿ ಯಾರೂ ತಕರಾರು ಮಾಡಿರಲಿಲ್ಲ. ಮಾಡುವುದಾದರೂ ಹೇಗೆ? ಎಲ್ಲರ ಮನೆಯಲ್ಲೂ ಮಗ್ಗಗಳಿವೆ, ಬೆಳಗಿನಿಂದ ಸಂಜೆತನಕ ಖಟಖಟ ನಡೆದೇ ಇರುತ್ತದೆ. ಶೆಡ್ಡಿನೊಳಗೆ ನಾವು ಬಾಯಿಯಿಂದ ಮಾತಾಡುವುದೇ ಕಡಿಮೆ. ಕೈಸನ್ನೆ ಮಾಡುತ್ತೇವೆ, ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ನಾನು ಮದುವೆಯಾದ ಹೊಸದರಲ್ಲಿ ಹೆಂಡತಿಯ ಜೊತೆ ಜಗಳವಾಡಿದ್ದು ಕೂಡ ಕೈಸನ್ನೆಯಲ್ಲೇ.

ಮೊದಲ ಪ್ರಯತ್ನದಲ್ಲಿ ನನ್ನ ಬುದ್ಧಿ ನೂಲು ಬಿಟ್ಟು ಬೇರೆ ಕಡೆಗೆ ಹೋಗಲಿಲ್ಲ. ದಿಂಬಿಗೆ ಕಿವಿ ಒತ್ತಿದರೆ ಸದ್ದು ಕಡಿಮೆಯಾಗುತ್ತದೆ, ಆದ್ದರಿಂದ ಸೈಲೆನ್ಸರಿಗೂ ಒಂದು ದಿಂಬು ಮಾಡಿದರೆ ಮುಗಿಯಿತು ಎಂದು ಲೆಕ್ಕ ಹಾಕಿದೆ. ವೆಲ್ಡಿಂಗಿನವನ ಹತ್ತಿರ ಸೈಲೆನ್ಸರ್ ಕೊಯ್ಯಿಸಿ, ಮಗ್ಗದ ಕೆಳಗೆ ಬಿದ್ದ ಹತ್ತಿ ನೂಲಿನ ಕಸವನ್ನು ಒಂದು ಚೀಲದಷ್ಟು ಒಳಗೆ ತುರುಕಿದೆ. ಇದು ಹತ್ತಿಕೊಳ್ಳುವುದಿಲ್ಲವೇ ಎಂದು ಅವನು ಎರಡು ಸಲ ಕೇಳಿದ. ನೀನು ವೆಲ್ಡಿಂಗ್ ಅಷ್ಟೇ ನೋಡಿಕೋ ಎಂದೆ.

ಪರೀಕ್ಷೆಗೆಂದು ಗಾಡಿ ಹೊರಡಿಸಿ, ಪಕ್ಕದ ಊರು ಚಿಮ್ಮಡ ದಾಟುವುದರೊಳಗೆ ಹಿಂದಿನಿಂದ ಕಪ್ಪು ಹೊಗೆ, ಅದರ ಹಿಂದೆಯೇ ಉರಿಯುವ ನೂಲಿನ ಉಂಡೆಗಳು ಹಾರಿ ರಸ್ತೆಯ ಮೇಲೆ ಬೀಳತೊಡಗಿದವು. ಒಂದು ಉಂಡೆ ಕಬ್ಬಿನ ಹೊಲದ ಬದುವಿಗೆ ಹೋಗಿ ಬಿತ್ತು. ಹೊಲದವರು ಕೊಡ ಹಿಡಿದು ಓಡಿ ಬಂದು ಅದನ್ನು ಆರಿಸಿದರು, ಆಮೇಲೆ ನನ್ನ ಕಡೆ ತಿರುಗಿದರು. ಇಂಜಿನ್ ಚಾಲೂ ಇತ್ತು, ಆದರೆ ತುಟಿ ನೋಡಿ ತಿಳಿಯುವ ವಿದ್ಯೆ ಇತ್ತಲ್ಲ, ಅವರು ನನ್ನ ವಂಶದ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಲಿಲ್ಲ. ಕೈಮುಗಿದು ಬಂದೆ.

ಎರಡನೆಯ ಸಲ ಜಮಖಂಡಿಯ ಗುಜರಿಯಲ್ಲಿ ಹಳೇ ಬಸ್ಸೊಂದರ ಸೈಲೆನ್ಸರ್ ಸಿಕ್ಕಿತು. ಅದು ಉದ್ದವಾಗಿ ಗಾಡಿಯ ಹಿಂದೆ ಒಂದು ಮೊಳ ಚಾಚಿಕೊಂಡು ನಿಂತಿತು. ಚಾಲೂ ಮಾಡಿ, ಕಣ್ಣು ಮುಚ್ಚಿ ಕೂತು ಕೇಳಿದೆ. ಸದ್ದು ಅರ್ಧಕ್ಕೆ ಇಳಿದಿದೆ ಎಂದು ತೀರ್ಪು ಕೊಟ್ಟೆ. ಮೂರನೆಯ ಸಲ ನಡುವೆ ಒಂದು ಎಣ್ಣೆ ಡ್ರಮ್ಮು ಕೂಡಿಸಿ, ಅದರೊಳಗೆ ಭಾಂಡೆ ತಿಕ್ಕುವ ಸ್ಟೀಲಿನ ಜುಂಗು ತುಂಬಿಸಿದೆ. ಈಗ ಕಾಲುಭಾಗವೂ ಉಳಿದಿಲ್ಲ ಎನಿಸಿತು. ಪ್ರತಿ ಸಲ ನ್ಯಾಯಾಧೀಶ ನಾನೇ, ಗೆಲ್ಲುವವನೂ ನಾನೇ.

ಹೆಂಡತಿಯನ್ನು ಕೇಳದೆ ಇರಲಿಲ್ಲ. ಗಾಡಿಯಲ್ಲಿ ಕೂತು, ಹೇಗಿದೆ ಎಂದು ಅವಳತ್ತ ಹುಬ್ಬು ಹಾರಿಸುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸುತ್ತಿದ್ದಳು. ನಮ್ಮ ಶೆಡ್ಡಿನಲ್ಲಿ ಅದರ ಅರ್ಥ ಎಳೆ ಹರಿದಿದೆ, ಮಗ್ಗ ನಿಲ್ಲಿಸು ಎಂದು. ನಾನು ಗಾಡಿಯಿಂದ ಜಿಗಿದು ಶೆಡ್ಡಿಗೆ ಓಡಿ ನಾಲ್ಕೂ ಮಗ್ಗ ನೋಡಿ ಬರುತ್ತಿದ್ದೆ. ಎಲ್ಲೂ ಎಳೆ ಹರಿದಿರುತ್ತಿರಲಿಲ್ಲ. ವಯಸ್ಸಾಯಿತು, ಇವಳಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂದು ಮರುಗಿದೆ.

ಹೆರಿಗೆಗೆ ಡಾಕ್ಟರು ಹೇಳಿದ ದಿನಕ್ಕೆ ಒಂದು ತಿಂಗಳಷ್ಟೇ ಉಳಿಯಿತು. ಹೆಂಡತಿಯನ್ನು ಕರೆದುಕೊಂಡು ಮತ್ತೆ ಮುಧೋಳಕ್ಕೆ ಹೋದೆ. ಅವಳನ್ನು ಮಗಳ ಓಣಿಯ ಬಾಯಿಗೆ ಇಳಿಸಿ, ನಾನು ಸೀದಾ ಒಬ್ಬ ಮಿಸ್ತ್ರಿಯ ಗ್ಯಾರೇಜಿಗೆ ಗಾಡಿ ಒಯ್ದೆ. ಆತ ಸೈನ್ಯದಲ್ಲೇ ಇಂಥ ಗಾಡಿಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ಮುಕ್ಕಾಲು ಕೆಲಸ ನಾನೇ ಮುಗಿಸಿದ್ದೇನೆ, ನೀವು ಬರೀ ಕೊನೆಯ ಕೈ ಹಚ್ಚಿ ಎಂದೆ. ಆತ ಡ್ರಮ್ಮನ್ನು ನೋಡಿದ, ನನ್ನನ್ನು ನೋಡಿದ, ಚಹಾ ಕುಡಿದು ಬನ್ನಿ ಎಂದ.

ಚಹಾ ಕುಡಿದು ಬಂದಾಗ ಇಂಜಿನ್ ಓಡುತ್ತಿತ್ತು. ಮಿಸ್ತ್ರಿ ಬಾನೆಟ್ಟಿನೊಳಗೆ ಬಗ್ಗಿ ಇಂಜಿನ್ನಿನ ಬದಿಗೆ ಕೈ ಹಿಡಿದು ಏನನ್ನೋ ಹುಡುಕುತ್ತಿದ್ದ. ನಾನು ಒಂದು ಗಳಿಗೆ ನಿಂತು ಕೇಳಿದೆ. ಎಂಥ ಸುಖ! ಆತನ ಹೆಗಲ ಮೇಲೆ ಕೈಯಿಟ್ಟು, ಶಾಭಾಸ್, ಈಗ ಹಾದಿಗೆ ಬಂತು ನೋಡಿ, ಕೂಸು ಮಲಗಿದಲ್ಲಿಗೆ ಒಯ್ದರೂ ಏಳುವುದಿಲ್ಲ ಎಂದೆ. ಆತ ತಿರುಗಿ ನನ್ನ ಮುಖ ನೋಡಿದ. ಆಮೇಲೆ ಇಂಜಿನ್ ಬಂದ್ ಮಾಡಿ, ಬಹಳ ಮರ್ಯಾದೆಯಿಂದ, ನನ್ನ ಎದುರಿಗೆ ನಿಂತು ಹೇಳಿದ.

"ಸಾವ್ಕಾರ್ರ, ಸೈಲೆನ್ಸರ್ ಇನ್ನೂ ಹಾಕಿಲ್ರಿ. ಅಲ್ಲಿ ನೆಲದ ಮ್ಯಾಲ ಬಿದ್ದೈತಿ ನೋಡ್ರಿ."

ನೋಡಿದೆ. ಬಸ್ಸಿನ ಸೈಲೆನ್ಸರ್, ಎಣ್ಣೆ ಡ್ರಮ್ಮು, ಸ್ಟೀಲಿನ ಜುಂಗು ಎಲ್ಲ ಬೇವಿನ ಮರದ ಕೆಳಗೆ ಬಿದ್ದಿದ್ದವು. ರಸ್ತೆಯ ಆಚೆ ಟೈಲರ್ ಅಂಗಡಿಯವನು, ಅವನ ಗಿರಾಕಿ, ಚಹಾದಂಗಡಿಯ ಇಬ್ಬರು ಆಗಷ್ಟೇ ಕಿವಿಯಿಂದ ಬೆರಳು ತೆಗೆಯುತ್ತಿದ್ದರು. ನಾನು ಸೈಲೆನ್ಸರೇ ಇಲ್ಲದ ಇಂಜಿನ್ನಿನ ಮುಂದೆ ನಿಂತು ಸುಖ ಎಂದಿದ್ದೆ. ಮೂರೂ ಸಲ ನಾನು ಇಳಿಸಿದ ಸದ್ದು ಗಾಡಿಯದಲ್ಲ ಎಂದು ಅಲ್ಲಿ ನಿಂತ ನಿಲುವಿನಲ್ಲೇ ತಿಳಿಯಿತು. ನನಗೆ ಅಂಜಿಕೆಯಾಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸದ್ದು ಬರುವುದು ಹಿಂದಿನಿಂದಲ್ಲ, ಇಂಜಿನ್ನಿಗೆ ಪೈಪು ಕೂಡುವಲ್ಲಿ ಪ್ಯಾಕಿಂಗ್ ಸುಟ್ಟು ಹೋಗಿದೆ, ಅಲ್ಲಿಂದಲೇ ಹೊಗೆ ಒಡೆದು ಬರುತ್ತಿದೆ, ನೀವು ಬಾಲಕ್ಕೆ ಔಷಧಿ ಹಚ್ಚಿದ್ದೀರಿ ಎಂದು ಮಿಸ್ತ್ರಿ ವಿವರಿಸಿದ. ನಾನು ತಲೆಯಾಡಿಸಿದೆ. ಗಾಡಿ ಅಲ್ಲೇ ಬಿಟ್ಟು ಮಗಳ ಮನೆಗೆ ನಡೆದು ಹೋದೆ.

ಮಗಳು, ಹೆಂಡತಿ ಇಬ್ಬರೂ ನಡುಮನೆಯಲ್ಲಿ ಕೂತಿದ್ದರು. ಆದದ್ದನ್ನೆಲ್ಲ ಹೇಳಿದೆ. ನಗಬಹುದೆಂದು ಕಾದೆ, ನಗಲಿಲ್ಲ. ನಿನಗೆ ಮೊದಲೇ ಗೊತ್ತಿತ್ತೇ ಎಂದು ಹೆಂಡತಿಯನ್ನು ಕೇಳಿದೆ.

"ಗೊತ್ತಿತ್ತು" ಎಂದಳು. "ಮೂರ ವರ್ಷದಿಂದ ಹೇಳಾಕತ್ತೇನ್ರಿ. ನಿಮಗ ಕೇಳಿಸಿಲ್ಲ."

ಮೂರು ವರ್ಷದಿಂದ ಅವಳು ನನ್ನ ಜೊತೆ ಮಾತಾಡಬೇಕಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದುರಿಗೆ ಬಂದು ನಿಲ್ಲುತ್ತಿದ್ದಳು. ಈ ವಯಸ್ಸಿನಲ್ಲಿ ನನ್ನ ಮೇಲೆ ಪ್ರೀತಿ ಹೆಚ್ಚಿದೆ ಎಂದು ನಾನು ಒಳಗೊಳಗೇ ಬೀಗಿದ್ದೆ.

ಮಗಳು ತಾನು ಸುಳ್ಳು ಹೇಳಿರಲಿಲ್ಲ, ಅರ್ಧ ಮಾತು ಹೇಳಿದ್ದಷ್ಟೇ ಎಂದಳು. ಅಂಥ ಗಾಡಿಯಲ್ಲಿ ಆರಾಮಾಗಿ ಕೂತು ಬಂದವನಿಗೆ ಕಿವಿ ಉಳಿದಿಲ್ಲ ಎಂದು ಕುಬಸದ ದಿನವೇ ಅವಳಿಗೆ ಖಾತ್ರಿಯಾಗಿತ್ತು. ಸದ್ದು ಇಳಿಸಲು ಹೋದರೆ ನಾನೇ ಕಂಡುಕೊಂಡೇನು ಎಂದು ಆ ಮಾತು ಹಾಕಿದ್ದಳು. ಆಮೇಲೆ ಬಹಳ ಹೊತ್ತಿನಿಂದ ತಡೆದಿಟ್ಟ ಹಾಗೆ ಕೇಳಿದಳು:

"ಅವ್ವ ನನಗ ಎರಿಯಾಕ ಬಚ್ಚಲಕ್ಕ ಕರ್ಕೊಂಡ ಹೋಗ್ತಾಳ. ತಾಸಗಟ್ಲೆ ಆಗತೈತಿ. ಮನ್ಯಾಗ ನೀ ಒಬ್ಬಾವನ ಇರ್ತಿ. ಕೂಸು ಅತ್ರ ನಿನಗ ಕೇಳತೈತೇನಪ್ಪಾ?"

ಮೂರು ಸೈಲೆನ್ಸರ್ ಕಟ್ಟಿದ ನಾನು, ಗೊತ್ತಿಲ್ಲವ್ವಾ ಎಂದೆ. ನನ್ನ ಆಯುಷ್ಯದಲ್ಲಿ ಮಗಳ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು.

ಮರುವಾರ ಜಮಖಂಡಿಯಲ್ಲಿ ಕಿವಿಯ ಡಾಕ್ಟರು ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗೊಮ್ಮೆ ಗುಂಡಿ ಒತ್ತಿ ಎಂದರು. ಸುಮ್ಮನೆ ಕೂತಿದ್ದೇನೆಂದು ತಿಳಿದಾರು ಎಂಬ ಮರ್ಯಾದೆಗೆ ಅಂಜಿ ಅಂದಾಜಿನ ಮೇಲೆ ಒತ್ತುತ್ತ ಹೋದೆ. ಹೊರಗೆ ಬಂದ ಮೇಲೆ ಅವರು, ನಾನು ಏನನ್ನೂ ಹಾಕದೆ ಇದ್ದಾಗಲೂ ನೀವು ಒತ್ತಿದ್ದೀರಲ್ಲ ಎಂದರು. ಎರಡನೆಯ ಸಲ ಪ್ರಾಮಾಣಿಕನಾಗಿ ಕೂತೆ. ಮಗ್ಗದ ಸದ್ದಿನಲ್ಲಿ ಬಾಳಿದವರಿಗೆ ಹೀಗಾಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಹೇಳಿ ಕಿವಿಗೆ ಯಂತ್ರ ಕೊಟ್ಟರು.

ಮಿಸ್ತ್ರಿ ಹೊಸ ಪ್ಯಾಕಿಂಗ್ ಹಾಕಿ, ಒಂದೇ ಒಂದು ಸರಿಯಾದ ಸೈಲೆನ್ಸರ್ ಕೂಡಿಸಿ, ಅದನ್ನು ಕಟ್ಟುವಲ್ಲಿ ರಬ್ಬರ್ ಕೊಟ್ಟಿದ್ದ. ಯಂತ್ರ ಹಾಕಿಕೊಂಡು ಗ್ಯಾರೇಜಿಗೆ ಹೋಗಿ ಗಾಡಿ ಚಾಲೂ ಮಾಡಿದೆ. ಈಗ ಬಹಳ ಇಳಿದಿದೆ, ಲಾರಿಯಷ್ಟೇ ಇದೆ ಎಂದು ಎಲ್ಲರೂ ಹೇಳಿದರು. ಇಳಿದ ಮೇಲೆಯೇ ಇಷ್ಟಿದ್ದರೆ ಮೊದಲು ಎಷ್ಟಿತ್ತು ಎಂದು ನನಗೆ ನಾಚಿಕೆಯಾಗಿ, ಮನೆಗೆ ಬಂದವನೇ ಓಣಿಯ ಒಂದೊಂದು ಬಾಗಿಲಿಗೂ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಅರ್ಧಕ್ಕರ್ಧ ಮಂದಿಗೆ ನಾನು ಹೇಳಿದ್ದು ಕೇಳಿಸಲಿಲ್ಲ.

ಮಗಳು ಬಂದಳು. ಮಾತಿಗೆ ತಪ್ಪದೆ ಬಂದಳು, ಆದರೆ ನನ್ನ ಮೇಲೆ ಭರವಸೆಯಿಟ್ಟು ಬಂದಳೋ ತಾಯಿಯ ಮುಖ ನೋಡಿ ಬಂದಳೋ ನಾನು ಕೇಳಲಿಲ್ಲ. ಹೆಣ್ಣುಕೂಸು ಹುಟ್ಟಿತು.

ಮೊದಲ ಸಲ ಬಾಣಂತಿಗೆ ಎರೆಯುವ ದಿನ ಹೆಂಡತಿ ಎಣ್ಣೆ ಬಟ್ಟಲು ಹಿಡಿದು ಬಚ್ಚಲಿಗೆ ಹೋದಳು. ಮಗಳು ಕೂಸನ್ನು ತೊಟ್ಟಿಲಿಗೆ ಹಾಕಿ, ನನ್ನನ್ನು ಒಮ್ಮೆ ನೋಡಿ ಹೋದಳು. ಒಳಗೆ ಬಿಸಿನೀರಿನ ಹಬೆ, ಹೊರಗೆ ಗಾಳಿ. ಬಾಣಂತಿಗೆ ಥಂಡಿ ಹತ್ತಬಾರದೆಂದು ಬಚ್ಚಲ ಬಾಗಿಲು ಮುಚ್ಚಬೇಕು. ಅವಳು ಒಂದು ಗೇಣು ತೆರೆದೇ ಇಟ್ಟಿದ್ದಳು. ಯಾಕೆಂದು ನನಗೆ ಗೊತ್ತಿತ್ತು.

ತೊಟ್ಟಿಲ ಮೇಲೆ ಬಗ್ಗಿದರೆ ಕಿವಿಯ ಯಂತ್ರ ಕುಂಯ್ ಎನ್ನುತ್ತದೆ. ಕೂಸು ಬೆಚ್ಚೀತೆಂದು ತೆಗೆದು ಕಿಸೆಗೆ ಹಾಕಿಕೊಂಡೆ. ಸ್ಟೂಲು ಎಳೆದು ಕೂತು ಕೂಸಿನ ಮುಖ ನೋಡುತ್ತಲೇ ಇದ್ದೆ. ಮೂಗು ಕೆರೆದುಕೊಳ್ಳಲಿಲ್ಲ, ಬಾಗಿಲಲ್ಲಿ ಯಾರದೋ ನೆರಳು ಬಿದ್ದರೂ ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಕೂಸಿನ ಹುಬ್ಬು ಗಂಟಿಕ್ಕಿತು, ಗದ್ದ ನಡುಗಿತು, ಕೆಳತುಟಿ ಒಂದಿಷ್ಟು ಹೊರಬಂತು. ಬಾಯಿ ತೆರೆಯುವುದರೊಳಗೆ ಎತ್ತಿಕೊಂಡು ಎದೆಗೆ ಹಾಕಿಕೊಂಡೆ. ಅದು ಒಂದು ನಿಟ್ಟುಸಿರು ಬಿಟ್ಟದ್ದು ನನ್ನ ಕತ್ತಿಗೆ ಬಿಸಿಯಾಗಿ ತಾಗಿತು.

ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಅವಸರದಲ್ಲಿ ಬಂದಳು. ಬಾಗಿಲಲ್ಲೇ ನಿಂತು, ನನ್ನ ಹೆಗಲ ಮೇಲೆ ಮಲಗಿದ್ದ ಕೂಸನ್ನು ನೋಡಿದಳು. ಅತ್ತಿತೇ ಎಂದು ಅವಳ ತುಟಿ ಕೇಳಿತು. ಇಲ್ಲವೆಂದು ತಲೆಯಾಡಿಸಿದೆ.

ಮರುದಿನ ಎರೆದುಕೊಳ್ಳಲು ಹೋದಾಗ ಅವಳು ಬಚ್ಚಲ ಬಾಗಿಲು ಪೂರ್ತಿ ಮುಚ್ಚಿಕೊಂಡಳು.