ಅರ್ಜಿದಾರರು ಹಾಜರಿರುವುದಿಲ್ಲ

ಮಹಜರಿನಲ್ಲಿ ಹೀಗೆ ಬರೆದಿದ್ದಾರೆ: ‘ಅರ್ಜಿದಾರರಿಗೆ ಮೂರು ಬಾರಿ ದೂರವಾಣಿ ಕರೆ ಮಾಡಿದಾಗ್ಯೂ ಸ್ಥಳದಲ್ಲಿ ಹಾಜರಿರುವುದಿಲ್ಲ.’ ಅರ್ಜಿದಾರರು ಅಂದರೆ ನಾನು. ಆ ಹೊತ್ತಿನಲ್ಲಿ ನಾನು ಸ್ಥಳದಿಂದ ಕೂಗಳತೆ ದೂರದಲ್ಲಿ, ನನ್ನ ಮನೆಯೊಳಗೆ, ಓಡುತ್ತಿದ್ದ ಎರಡು ಪವರ್‌ಲೂಮ್ ಮಗ್ಗಗಳ ನಡುವೆ ನಿಂತಿದ್ದೆ. ನೆನೆಸಿಕೊಂಡರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟು ಇರುವಷ್ಟು ಹೊತ್ತು ಮನೆಮನೆಯಲ್ಲೂ ಮಗ್ಗ ಓಡುತ್ತದೆ, ಗೋಡೆ ಅದುರುತ್ತದೆ. ಗಂಡ ಹೆಂಡತಿ ಜಗಳವಾಡುವುದೂ ಕೈಸನ್ನೆಯಲ್ಲೇ. ಊಟಕ್ಕೆ ಕರೆಯುವವರು ಹತ್ತಿರ ಬಂದು ಭುಜ ಮುಟ್ಟಬೇಕು. ಹಾಲಿನವನು, ಪೋಸ್ಟಿನವನು, ನೆಂಟರು, ಎಲ್ಲರೂ ಸೀದಾ ಒಳಗೆ ಬಂದು ಮುಖ ತೋರಿಸುತ್ತಾರೆ. ಅದು ನಮ್ಮ ಕಡೆಯ ರೂಢಿ. ಇಂಥ ಬೀದಿಯಲ್ಲಿ ಹುಟ್ಟಿ ಬೆಳೆದ ನಾನು ಅರ್ಜಿಯ ಮೇಲೆ ನನ್ನ ಮೊಬೈಲ್ ನಂಬರು ಬರೆದುಕೊಟ್ಟೆ. ಮೇಷ್ಟರು ತಮ್ಮದನ್ನು ಬರೆಯಲು ಹೊರಟಿದ್ದರು. ‘ನಿಮ್ಗೆ ಕಿವಿ ಮಂದ ಸಾರ್, ನನ್ದು ಹಾಕಿ’ ಎಂದು ಪೆನ್ನು ಕಿತ್ತುಕೊಂಡವಳು ನಾನೇ. ಎಂಥ ಬುದ್ಧಿವಂತೆ!

ಮೇಷ್ಟರು ಅಂದರೆ ನಮ್ಮ ಗುಂಪಿನ ಮುಂದಾಳು, ನಿವೃತ್ತರು. ಗುಂಪಿನಲ್ಲಿ ನಾವು ಒಂಬತ್ತು ಮಂದಿ. ಬೋರ್ಡಿಲ್ಲ, ರಸೀತಿ ಪುಸ್ತಕವಿಲ್ಲ. ಭಾನುವಾರ ಬೆಳಿಗ್ಗೆ ಕೆರೆಗೆ ಹೋಗಿ ಪ್ಲಾಸ್ಟಿಕ್ ಆರಿಸುತ್ತೇವೆ, ಏರಿಯ ಮೇಲೆ ನೆಟ್ಟ ಹೊಂಗೆ ಸಸಿಗಳಿಗೆ ನೀರು ಹೊರುತ್ತೇವೆ. ಹವಾಮಾನ ಬದಲಾವಣೆ ಎಂದು ಮೇಷ್ಟರು ಗಂಟೆಗಟ್ಟಲೆ ಹೇಳುತ್ತಿದ್ದರು. ನನ್ನ ತಲೆಗೆ ಹೋದದ್ದು ಇಷ್ಟೇ: ಮೊದಲು ವಾರಗಟ್ಟಲೆ ಹದವಾಗಿ ಹಿಡಿಯುತ್ತಿದ್ದ ಮಳೆ ಈಗ ಒಂದೇ ಮಧ್ಯಾಹ್ನ ಸುರಿದು ಹೋಗುತ್ತದೆ, ಆ ನೀರಿಗೆ ಹರಿಯಲು ದಾರಿ ಬೇಕು.

ನಮ್ಮ ಬೀದಿಯ ತಗ್ಗಿನ ತುದಿಯಲ್ಲಿ ಕೆರೆಗೆ ಹೋಗುವ ಕಾಲುವೆಯೇ ಆ ದಾರಿ. ಪಕ್ಕದ ಜಮೀನಿನಲ್ಲಿ ಸೈಟು ಮಾಡುತ್ತಿದ್ದವನು ಒಡೆದ ಇಟ್ಟಿಗೆ, ಮಣ್ಣು ತಂದು ಸುರಿದು ಅದನ್ನು ಮುಚ್ಚಿಸುತ್ತಾ ಬಂದ. ಹೋದ ವರ್ಷದ ಮಳೆಗೆ ನೀರು ತಿರುಗಿ ಬೀದಿಗೆ ನುಗ್ಗಿತು. ಕೊನೆಯ ಮನೆಯ ಅಕ್ಕನಿಗೆ ಇದ್ದದ್ದು ಒಂದೇ ಮಗ್ಗ. ಅದರ ಮೋಟಾರು ನೀರಲ್ಲಿ ಮುಳುಗಿ ಸುಟ್ಟುಹೋಯಿತು. ಸೀರೆ ನೇಯುತ್ತಿದ್ದವಳು ಈಗ ರಾಟೆ ಮುಂದೆ ಕೂತು ನಮ್ಮೆಲ್ಲರ ಲಾಳಿಗೆ ನೂಲು ಸುತ್ತಿಕೊಡುತ್ತಾಳೆ. ಕಾಲುವೆ ಪೂರ್ತಿ ಮುಚ್ಚಿಹೋದರೆ ಅವಳು ಆ ಮನೆಯಲ್ಲಿ ಇರಲಾರಳು. ಬೇರೆ ಮನೆ ಅವಳಿಗಿಲ್ಲ.

ಸರ್ವೇಯರು ಬಂದು ಅಳೆದು ಎರಡೂ ಬದಿಗೆ ಕಲ್ಲು ನೆಟ್ಟರೆ ಸೈಟಿನವನ ಆಟ ನಿಲ್ಲುತ್ತಿತ್ತು. ಅದಕ್ಕಾಗಿ ಒಂಬತ್ತು ಜನ ಸಹಿ ಹಾಕಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಅಕ್ಕನ ಮಗ್ಗದ ಕಥೆಯನ್ನು ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಹೇಳಿದೆ, ಪೇಪರಿನವರಿಗೂ ಹೇಳಿದೆ. ಸರ್ವೇಯರು ಬರುವ ದಿನವನ್ನು ನೋಟಿಸಿನಲ್ಲಿ ತಿಳಿಸುತ್ತೇವೆ ಅಂದರು ಕಚೇರಿಯವರು.

ನೋಟಿಸು ಬರಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಕರೆಂಟು ಹೋಯಿತು, ಮಗ್ಗ ನಿಂತಿತು. ಗೂಡಿನಲ್ಲಿಟ್ಟಿದ್ದ ಫೋನು ತೆಗೆದು ನೋಡಿದರೆ ಗೊತ್ತಿಲ್ಲದ ನಂಬರಿನಿಂದ ಮೂರು ಮಿಸ್ಡ್ ಕಾಲ್. ವಾಪಸ್ ಮಾಡಿದೆ. ‘ಅಳತೆ ಮುಗೀತಮ್ಮ’ ಅಂದಿತು ಆ ಕಡೆಯ ದನಿ. ಕೈಗೆ ಅಂಟಿದ್ದ ನೂಲಿನ ಧೂಳನ್ನೂ ಒರೆಸಿಕೊಳ್ಳದೆ ಓಡಿದೆ. ಕಾಲುವೆಯ ಹತ್ತಿರ ಕಾರಿನ ಟೈರಿನ ಗುರುತು ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಮೇಷ್ಟರ ಜೊತೆ ಕಚೇರಿಗೆ ಹೋಗಿ ಮಹಜರು ಓದಿಸಿಕೊಂಡೆ. ‘ಸ್ಥಳದಲ್ಲಿ ಕಾಲುವೆಯ ಕುರುಹು ಕಂಡುಬಂದಿರುವುದಿಲ್ಲ. ಅರ್ಜಿ ಮುಕ್ತಾಯಗೊಳಿಸಿದೆ.’ ಮುಚ್ಚಿದ ಮಣ್ಣಿನ ಮೇಲೆಯೇ ನಿಂತು ಕಾಲುವೆ ಇಲ್ಲ ಎಂದು ಬರೆದ ಪುಣ್ಯಾತ್ಮ! ಸಾಕ್ಷಿಗಳ ಸಹಿ ಎರಡು. ಇಬ್ಬರೂ ಸೈಟಿನವನ ಹತ್ತಿರವೇ ಕೆಲಸಕ್ಕಿದ್ದವರು.

“ಮೂರ್ ಸಲ ಫೋನ್ ಮಾಡಿದೀನಮ್ಮ. ನೀವ್ ಎತ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ?” ಎಂದ ಸರ್ವೇಯರು, ತಲೆ ಎತ್ತದೆ.

“ಮಗ್ಗ ಓಡ್ತಿತ್ತು ಸಾರ್. ಬಾಗ್ಲು ತೆಗ್ದೇ ಇತ್ತು. ಒಳಗ್ ಬಂದು ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?”

“ಮನೆಮನೆಗೆ ಬಂದ್ ಕರೆಯಕ್ಕೆ ನಾನೇನ್ ಲಗ್ನಪತ್ರಿಕೆ ಹಂಚ್ತಿದ್ನಾ?”

ಪಕ್ಕದ ಟೇಬಲ್ಲಿನವರು ಕಿಸಕ್ಕನೆ ನಕ್ಕರು. ನಾನು ಅಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮೇಷ್ಟರು ನನ್ನ ತೋಳು ಹಿಡಿದು ಹೊರಗೆ ಕರೆತಂದರು.

“ಹೋಗ್ಲಿ ಬಿಡಮ್ಮ, ಇನ್ನೊಂದ್ ಅರ್ಜಿ ಕೊಡೋಣ.”

“ಏನ್ ಬಿಡದು ಸಾರ್? ಹೋಗ್ಲಿ ಬಿಡು, ಹೋಗ್ಲಿ ಬಿಡು ಅಂತಾನೇ ಇಷ್ಟೆಲ್ಲಾ ಹೋಗಿರದು!” ಎಂದು ಅವರ ಮೇಲೂ ಹರಿಹಾಯ್ದೆ. ಪಾಪ, ಅವರು ಚಪ್ಪಲಿ ಮೆಟ್ಟಿಕೊಂಡರು.

ಅಲ್ಲಿಂದ ಸೀದಾ ಅಕ್ಕನ ಮನೆಗೆ ಹೋದೆ. ಅವಳು ಬಾಗಿಲ ಬಳಿ ರಾಟೆ ಇಟ್ಟುಕೊಂಡು ಕೂತಿದ್ದಳು. ಹೊಸ್ತಿಲ ಮೇಲೆ ಕುಕ್ಕರಿಸಿ, ಸರ್ವೇಯರನ ವಂಶವನ್ನೆಲ್ಲ ಜಾಲಾಡಿದೆ. ಬರೆದ ಕೈ ಸೇದಿ ಹೋಗಲಿ ಎಂದೆ, ಇನ್ನೊಂದು ಅರ್ಜಿ ಕೊಡೋಣ ಅಂದ ಮೇಷ್ಟರನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, ರಾಟೆ ನಿಲ್ಲಿಸಿ ಕೇಳಿದಳು:

“ಬಿಳೀ ಕಾರಲ್ ಬಂದಿದ್ದ ಉದ್ದನೆ ಮನುಷ್ಯ, ಅವನಾ?”

“ನಿಂಗೆಂಗ್ ಗೊತ್ತಕ್ಕಾ?”

“ಇಲ್ಲೇ ಕೂತಿದ್ದೆ ಕಣೇ. ಬಂದು ನೀರ್ ಕೇಳ್ದ. ಒಂದ್ ಚೊಂಬು ಕೊಟ್ಟೆ. ಕುಡ್ದು, ಆ ಕಡೆ ಈ ಕಡೆ ಟೇಪ್ ಹಿಡ್ದು ಹೋದ.”

“ಅಯ್ಯೋ, ನನ್ನ ಒಂದ್ ಕೂಗು ಕರೀಬಾರ್ದಿತ್ತಾ?”

“ಯಾಕ್ ಕರೀಲಿ? ಅಳೆಯೋನು ಬರ್ತಾನೆ ಅಂತ ನಂಗ್ಯಾರ್ ಹೇಳಿದ್ರು? ಪೇಪರಲ್ಲಿ ನನ್ ಮಗ್ಗದ ವಿಷ್ಯ ಬಂದೈತೆ ಅಂತಾನೂ ಬೇರೆಯೋರು ಹೇಳಿದ್ದು. ಕಾಲುವೆ ಎಲ್ಲಿತ್ತು ಅಂತ ನಂಗ್ ಗೊತ್ತಿಲ್ವಾ? ಮದ್ವೆಯಾಗ್ ಬಂದಾಗ್ನಿಂದ ಅದ್ರಲ್ಲೇ ಬಟ್ಟೆ ಒಗ್ದಿದೀನಿ. ಕೈ ಹಿಡ್ದು ನಡೆಸ್ಕೊಂಡ್ ಹೋಗಿ ತೋರಿಸ್ತಿದ್ದೆ.”

ಒಂಬತ್ತು ಸಹಿಗಳಲ್ಲಿ ಅವಳದಿರಲಿಲ್ಲ. ಪಾಪ, ಅವಳಿಗೇಕೆ ಕಚೇರಿ ಅಲೆಯುವ ಕಷ್ಟ ಎಂದು ನಾನೇ ತೀರ್ಮಾನ ಮಾಡಿದ್ದೆ. ಆ ಬೀದಿಯಲ್ಲಿ ಹಗಲೆಲ್ಲ ಮಗ್ಗದ ಸದ್ದಿಲ್ಲದ ಮನೆ ಅದೊಂದೇ, ಕರೆದರೆ ಕೇಳಿಸುವ ಮನೆ ಅದೊಂದೇ. ಆ ಸರ್ವೇಯರಾದರೂ ಬಾಯಾರಿದಾಗ ಅವಳ ಬಾಗಿಲಿಗೆ ಬಂದಿದ್ದ. ನಾನು ಒಂದು ಸಹಿಗೂ ಬಂದಿರಲಿಲ್ಲ. ಸಿಟ್ಟು ಇನ್ನೂ ಇತ್ತು. ಆದರೆ ಅದನ್ನು ಬೇರೆ ಯಾರ ಮೇಲೂ ತೀರಿಸಿಕೊಳ್ಳುವ ಹಾಗಿರಲಿಲ್ಲ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದಳು.

“ಎಲ್ ಕೊಡು, ಅದೇನೋ ಇನ್ನೊಂದ್ ಅರ್ಜಿ ಅಂದ್ಯಲ್ಲ. ಕಾಗ್ದ ತಂದಿದೀಯಾ?”

ತಂದಿರಲಿಲ್ಲ. ಬೈಯುವುದಕ್ಕೆ ಮಾತ್ರ ಬಂದಿದ್ದೆ.