ರೋಜಾದ ಮನೆಯಲ್ಲಿ ಒಬ್ಬನೇ ಉಂಡ ಊಟ

ಲಕ್ಕಲಕಟ್ಟಿಯ ರೈತ ಹುಸೇನಸಾಬರ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ನಾನು ದನದ ಡಾಕ್ಟರು. ಮಧ್ಯಾಹ್ನದ ಹೊತ್ತಿಗೆ ಎಮ್ಮೆ, ಕರು ಎರಡನ್ನೂ ಉಳಿಸಿದೆ. ಕೈ ತೊಳೆದು ಹೊರಡುವಷ್ಟರಲ್ಲಿ ಹುಸೇನಸಾಬರ ತಾಯಿ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದಿಟ್ಟರು. ರಮಜಾನ್ ತಿಂಗಳು, ಮನೆಮಂದಿಗೆಲ್ಲ ರೋಜಾ.

“ನೀವು ಉಪವಾಸ ಇದ್ದಾಗ ನಾ ಹ್ಯಾಂಗ ಉಣ್ಣೂದ್ರಿ, ಅಮ್ಮಾ?” ಎಂದೆ.

“ರೋಜಾ ನಮ್ದರೀ, ಹಸಿವು ನಿಮ್ದು. ಉಣ್ರಿ.”

ಸಂಕೋಚದಿಂದಲೇ ಮೊದಲ ತುತ್ತು ಬಾಯಿಗಿಟ್ಟೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

“ಉಪ್ಪು ಹ್ಯಾಂಗೈತ್ರಿ? ಸಂಜಿಗೆ ನಾವೂ ಇದನ್ನ ಉಣ್ಣೂದು. ರುಚಿ ನೋಡಾಕ ನಮಗ ಬರಂಗಿಲ್ಲ,” ಎಂದರು ಅಮ್ಮ.

“ಭಾಳ ಚಲೋ ಆಗೈತ್ರಿ. ಚಿಟಿಕೆ ಉಪ್ಪು ಬೇಕು,” ಎಂದೆ.

ಅಮ್ಮ ಕೂಡಲೇ ಉಪ್ಪು ಹಾಕಿ ಇನ್ನೊಂದು ಸೌಟು ಬಡಿಸಿದರು. ಅಂಥ ರುಚಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ನಾನು ಬರೆದುಕೊಟ್ಟ ಔಷಧವನ್ನು ಅಷ್ಟು ಲಗೂ ಹಾಕಿದವರೂ ಸಿಕ್ಕಿಲ್ಲ.